ಕರೆದರೆ ಬರುವವರು, ಕರೆಯದೆ ಬರುವವರು

ಮೊರಬದಂಥ ಊರಿನಲ್ಲಿ ಸಂಜೆ ಕಟ್ಟೆಯ ಮೇಲೆ ಕೂತವರ ಮಾತು ಮಳೆಯಿಂದಲೇ ಶುರುವಾಗಬೇಕು. ಮಳೆಯಿಂದ ಎರಿ ಹೊಲಕ್ಕೆ, ಹೊಲದಿಂದ ಉಳ್ಳಾಗಡ್ಡಿಗೆ, ಉಳ್ಳಾಗಡ್ಡಿಯಿಂದ ಅಮರಗೋಳದ ಎಪಿಎಂಸಿ ರೇಟಿಗೆ, ರೇಟಿನಿಂದ ಸರಕಾರಕ್ಕೆ. ಸರಕಾರದವರೆಗೆ ಮಾತು ಬಂತೆಂದರೆ ಒಳಗಿನಿಂದ ಚಹಾ ಬರುವ ಹೊತ್ತಾಯಿತು ಎಂದು ಲೆಕ್ಕ. ಈಚಿನ ವರ್ಷಗಳಲ್ಲಿ ಈ ಹಾದಿಯ ನಡುವೆ ಫೋನು ಬಂದು ಕೂತಿದೆ. ರೇಟು ಎಷ್ಟಂತೋ ಎಂದು ಒಬ್ಬರು ಕೇಳಿದರೆ ಇನ್ನೊಬ್ಬರು ಫೋನನ್ನು ಬಾಯಿಯ ಹತ್ತಿರ ತಂದು, "ಇವತ್ತ ಉಳ್ಳಾಗಡ್ಡಿ ರೇಟ್ ಎಷ್ಟೈತಿ?" ಎಂದು ಅದನ್ನೇ ಕೇಳುತ್ತಾರೆ. ಉತ್ತರ ಬರುತ್ತದೆ. ಆದರೆ ಉತ್ತರಕ್ಕಿಂತ ಮೇಲೆ, "ಪ್ರಾಯೋಜಿತ" ಎಂಬ ಸಣ್ಣ ಹಣೆಪಟ್ಟಿ ಹೊತ್ತು ಎರಡು ಮೂರು ಸಾಲು ನಿಂತಿರುತ್ತವೆ. ಅವನ್ನು ಯಾರೂ ಒತ್ತುವುದಿಲ್ಲ. ಹೆಬ್ಬೆರಳು ಅವನ್ನು ಮೇಲಕ್ಕೆ ತಳ್ಳಿ ತನ್ನ ಪಾಡಿಗೆ ಮುಂದೆ ಹೋಗುತ್ತದೆ.

ಯಾರೂ ಒತ್ತದ ಆ ಸಾಲಿನ ಸುದ್ದಿಯೇ ಇವತ್ತಿನದು. ಮೊರಬಕ್ಕೂ ಗೂಗಲ್ ಜಾಹೀರಾತಿಗೂ ಎಲ್ಲಿಯ ಸಂಬಂಧ ಎನ್ನುತ್ತೀರೇನು? ಆ ಸಾಲಿನ ಹಿಂದೆ ಎಲ್ಲೋ ಒಬ್ಬ ಅಂಗಡಿಯವನು ಇದ್ದಾನೆ, ಬೀಜ ಮಾರುವವನಿದ್ದಾನೆ, ಮಗ್ಗದ ಮುಂದೆ ಕೂತ ಒಬ್ಬ ಹೆಣ್ಣುಮಗಳಿದ್ದಾಳೆ. ನಾಲ್ಕು ಮಂದಿ ನನ್ನ ಸಾಮಾನನ್ನು ನೋಡಲಿ ಎಂದು ಆಸೆಯಿಂದ ಕರೆದಿದ್ದಾರೆ, ನಾವು ಕೇಳಿಸಿಕೊಳ್ಳದೆ ಹೋಗುತ್ತಿದ್ದೇವೆ. ತಪ್ಪು ನಮ್ಮದಲ್ಲ. ಕರೆದದ್ದೇ ನಮಗೆ ಹೊಂದುವ ಹಾಗೆ ಇರಲಿಲ್ಲ.

ನನ್ನ ತಂಗಿಯ ಮಗ ಹುಬ್ಬಳ್ಳಿಯಲ್ಲಿ ಇದೇ ಉದ್ಯೋಗದಲ್ಲಿದ್ದಾನೆ. ಸಣ್ಣ ಸಣ್ಣ ವ್ಯಾಪಾರಸ್ಥರು ದುಡ್ಡು ಕೊಟ್ಟು ಹುಡುಕಾಟದ ಪುಟದಲ್ಲಿ ಹಾಕಿಸುವ ಜಾಹೀರಾತನ್ನು ಬರೆಯುವುದು, ತಿದ್ದುವುದು, ಅದರ ಲೆಕ್ಕ ನೋಡುವುದು ಅವನ ಕೆಲಸ. ಅಮಾವಾಸ್ಯೆ, ಹಬ್ಬ ಎಂದು ಊರಿಗೆ ಬಂದಾಗಲೂ ಫೋನು ಕೆಳಗಿಡುವುದಿಲ್ಲ. "ಯಾಕೋ, ಮಾರಿ ಯಾಕ ಸಣ್ಣದು ಮಾಡೀದಿ?" ಎಂದು ಕೇಳಿದರೆ, "ಸಿಟಿಆರ್ ಏರವಲ್ದು ಮಾಮಾ" ಎನ್ನುತ್ತಾನೆ. ಜ್ವರ ಇಳಿಯವಲ್ದು ಎಂದವರಿಗೆ ಕಷಾಯವನ್ನಾದರೂ ಹೇಳಬಹುದು. ಸಿಟಿಆರ್ ಏರದಿದ್ದರೆ ಏನು ಕೊಡಬೇಕು? ಬಿಡಿಸಿ ಹೇಳು ಎಂದೆ. ಜಾಹೀರಾತು ನೂರು ಸಲ ಕಣ್ಣಿಗೆ ಬಿದ್ದರೆ ಅದರಲ್ಲಿ ಎಷ್ಟು ಸಲ ಒತ್ತಿದರು, ಅಷ್ಟೇ ಅದರ ಲೆಕ್ಕ. ನೂರಕ್ಕೆ ಎರಡು ಒತ್ತಿದರೆ ಎರಡು, ಐದು ಒತ್ತಿದರೆ ಐದು. ಕಂಡದ್ದಕ್ಕೆ ದುಡ್ಡಿಲ್ಲ, ಒತ್ತಿದ್ದಕ್ಕೆ ಮಾತ್ರ ದುಡ್ಡು.

ಒಂದು ಕಾಲದಲ್ಲಿ ಮಂದಿ ಬಹಳ ಧಾರಾಳವಾಗಿ ಒತ್ತುತ್ತಿದ್ದರಂತೆ. 1994ರ ಅಕ್ಟೋಬರ್ 27ರಂದು ಅಮೆರಿಕದ ಹಾಟ್‌ವೈರ್ಡ್ ಎಂಬ ಜಾಲಪತ್ರಿಕೆಯಲ್ಲಿ ಎಟಿ ಅಂಡ್ ಟಿ ಎಂಬ ಟೆಲಿಫೋನ್ ಕಂಪನಿಯ ಪಟ್ಟಿಯಂಥ ಜಾಹೀರಾತೊಂದು ಕಾಣಿಸಿಕೊಂಡಿತು. ಅಂತರಜಾಲದ ಮೊದಲ ಜಾಹೀರಾತುಗಳ ಸಾಲಿನಲ್ಲಿ ಅದಕ್ಕೆ ಜಾಗ. ನೋಡಿದವರಲ್ಲಿ ನೂರಕ್ಕೆ 44 ಮಂದಿ ಅದನ್ನು ಒತ್ತಿದರು ಎಂದು ಆ ಕಸುಬಿನವರು ಇಂದಿಗೂ ಹೇಳಿಕೊಳ್ಳುತ್ತಾರೆ. ಏನೋ ಹೊಸದು, ಒತ್ತಿದರೆ ಏನಾದೀತು ನೋಡೋಣ ಎಂಬ ಕುತೂಹಲ. ಊರಿಗೆ ಹೊಸದಾಗಿ ಏನು ಬಂದರೂ ಮೊದಲ ದಿನ ನಾವೆಲ್ಲ ಹೋಗಿ ಮುಟ್ಟಿ ನೋಡಿ ಬಂದವರೇ ಅಲ್ಲವೇ? ಎರಡನೆಯ ವರ್ಷ ಯಾರು ಹೋಗುತ್ತಾರೆ?

ಎರಡನೆಯ ವರ್ಷವೂ ಮಂದಿಯನ್ನು ಎಳೆಯುವ ವಿದ್ಯೆ ಬೇಕೆಂದರೆ ನಮ್ಮ ನಾಟಕ ಕಂಪನಿಗಳ ಕಡೆ ನೋಡಬೇಕು. ಜಾತ್ರೆಗೆ ಕಂಪನಿ ಬಂದು ಟೆಂಟು ಹೊಡೆಯಿತೆಂದರೆ ಮೈಕು ಕಟ್ಟಿದ ಗಾಡಿ ಸುತ್ತಲಿನ ಹಳ್ಳಿಗಳಲ್ಲಿ ಅಡ್ಡಾಡುತ್ತಿತ್ತು. ಬಣ್ಣಬಣ್ಣದ ಹ್ಯಾಂಡ್‌ಬಿಲ್ಲು ಗಾಳಿಯಲ್ಲಿ ಹಾರುತ್ತಿದ್ದವು, ಹುಡುಗರು ಗಾಡಿಯ ಹಿಂದೆ ಧೂಳಿನಲ್ಲಿ ಓಡುತ್ತಿದ್ದರು. ಆ ಹ್ಯಾಂಡ್‌ಬಿಲ್ಲನ್ನು ನೀವು ನೋಡಿದ್ದರೆ ನೆನಪಿರಬೇಕು: ಒಂದೇ ನಾಟಕಕ್ಕೆ ಎರಡು ಹೆಸರು, ನಡುವೆ ದಪ್ಪ ಅಕ್ಷರದಲ್ಲಿ "ಅರ್ಥಾತ್". ಒಂದು ಹೆಸರು ಸಂಸಾರದ ಕಥೆಗೆ ಕಣ್ಣೀರು ಹಾಕುವ ಅವ್ವಂದಿರಿಗೆ, ಇನ್ನೊಂದು ನಗಲು ಬರುವ ಹರೆಯದವರಿಗೆ. ಹೆಸರಿಡುವುದರಲ್ಲಿ ಪಿ.ಬಿ. ಧುತ್ತರಗಿಯವರ ಕೈ ಎಷ್ಟು ಪಳಗಿತ್ತು ನೋಡಿ. "ಸಂಪತ್ತಿಗೆ ಸವಾಲ್" ಎಂದ ಕೂಡಲೇ ಯಾರ ಸಂಪತ್ತು, ಯಾರ ಸವಾಲು, ಗೆದ್ದವರು ಯಾರು ಎಂದು ತಲೆ ಕೆಲಸಕ್ಕೆ ಹತ್ತುತ್ತದೆ. ಟಿಕೀಟು ತಗೊಳ್ಳದೆ ಬಿಡುವುದಿಲ್ಲ. ಅದೇ ನಾಟಕ 1974ರಲ್ಲಿ ರಾಜಕುಮಾರ್ ಅವರ ಸಿನಿಮಾ ಆಯಿತು, ಹೆಸರನ್ನು ಬದಲಿಸುವ ಪ್ರಸಂಗವೇ ಬರಲಿಲ್ಲ.

ಇದನ್ನು ಹೇಳಿದಾಗ ಅಳಿಯ ಎದ್ದು ಕೂತ. ಈಗ ಗೂಗಲ್ ಕೂಡ ಒಂದೇ ಜಾಹೀರಾತಿಗೆ 15ರವರೆಗೆ ತಲೆಬರಹ ಬರೆದುಕೊಡಿ ಎನ್ನುತ್ತದಂತೆ, ಜೊತೆಗೆ ನಾಲ್ಕು ವಿವರಣೆ. ಯಾರು ಹುಡುಕುತ್ತಿದ್ದಾರೆ ನೋಡಿಕೊಂಡು ಯಂತ್ರವೇ ಅವುಗಳಲ್ಲಿ ಎರಡೋ ಮೂರೋ ಆರಿಸಿ ಜೋಡಿಸಿ ತೋರಿಸುತ್ತದೆ. 2022ರ ಜೂನ್ ಮುಗಿದ ಮೇಲೆ ಹಳೆಯ ಬಗೆಯ, ಒಂದೇ ರೂಪದ ಪಠ್ಯ ಜಾಹೀರಾತನ್ನು ಹೊಸದಾಗಿ ಬರೆಯುವ ಅವಕಾಶವೇ ಹೋಯಿತು. "ಹದಿನೈದೂ ಒಂದ ಮಾತನ್ನ ತಿರುವಿ ಮುರುವಿ ಬರದ್ರ ಏನೂ ಉಪಯೋಗ ಇಲ್ಲ ಮಾಮಾ" ಎಂದ. ಒಂದರಲ್ಲಿ ಬೆಲೆ, ಒಂದರಲ್ಲಿ ಊರು, ಒಂದರಲ್ಲಿ ಎಷ್ಟು ದಿನದಲ್ಲಿ ಮನೆಗೆ ಬರುತ್ತದೆ ಎಂಬುದು, ಹೀಗೆ ಬೇರೆ ಬೇರೆ ಮಂದಿಯ ಬೇರೆ ಬೇರೆ ಪ್ರಶ್ನೆಗೆ ಉತ್ತರ ಬೇಕು. "ಅರ್ಥಾತ್" ಹಾಕುತ್ತಿದ್ದವರಿಗೆ ಇದು ತಿಳಿದೇ ಇತ್ತು.

ಇಲ್ಲಿ ಒಂದು ಸಂಶಯ ನಿಮಗೂ ಬಂದಿರಬೇಕು. ಒತ್ತಲಿ ಬಿಡಲಿ, ಹೆಚ್ಚು ದುಡ್ಡು ಕೊಟ್ಟವನ ಜಾಹೀರಾತು ಮೇಲೆ ಬರುತ್ತದೆ, ಅದಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವುದು ಏಕೆ? ಮೊದಮೊದಲು ಹಾಗೆಯೇ ಇತ್ತು. 1998ರಲ್ಲಿ ಕ್ಯಾಲಿಫೋರ್ನಿಯಾದ ಬಿಲ್ ಗ್ರಾಸ್ ಎಂಬವರು ಗೋಟು ಡಾಟ್ ಕಾಮ್ ಎಂಬ ಹುಡುಕುತಾಣ ತೆಗೆದು, ಒಂದೊಂದು ಶಬ್ದವನ್ನೂ ಲಿಲಾವಿಗೆ ಇಟ್ಟರು. ಒತ್ತಿಗೆ ಹೆಚ್ಚು ಕೊಡುವವನು ಮೇಲೆ, ಕಡಿಮೆ ಕೊಡುವವನು ಕೆಳಗೆ. ಗೂಗಲ್ 2000ದ ಅಕ್ಟೋಬರ್ 23ರಂದು ಆಡ್‌ವರ್ಡ್ಸ್ ಎಂಬ ಹೆಸರಿನಲ್ಲಿ 350 ಜಾಹೀರಾತುದಾರರನ್ನು ಇಟ್ಟುಕೊಂಡು ತನ್ನ ಅಂಗಡಿ ತೆರೆದಾಗ ಸಾವಿರ ಸಲ ತೋರಿಸಿದ್ದಕ್ಕೆ ಇಷ್ಟು ಎಂದು ದುಡ್ಡು ತೆಗೆದುಕೊಳ್ಳುತ್ತಿತ್ತು. 2002ರ ಫೆಬ್ರುವರಿಯಲ್ಲಿ ಅದೂ ಲಿಲಾವಿಗೆ ಇಳಿಯಿತು, ಆದರೆ ಒಂದು ಹೊಸ ಲೆಕ್ಕ ಸೇರಿಸಿಕೊಂಡು. ಆ ಲೆಕ್ಕವನ್ನು ನೆಲದ ಮೇಲೆ ಇದ್ದಲಿಯಿಂದ ಬರೆದು ತೋರಿಸುವಷ್ಟು ನನಗದು ಸೇರಿದೆ.

ಇಬ್ಬರು ಇದ್ದಾರೆ ಎನ್ನಿ. ಒಬ್ಬ ಒಂದು ಒತ್ತಿಗೆ 20 ರೂಪಾಯಿ ಕೊಡಲು ಸಿದ್ಧ, ಆದರೆ ಅವನ ಜಾಹೀರಾತನ್ನು ನೂರರಲ್ಲಿ ಇಬ್ಬರು ಮಾತ್ರ ಒತ್ತುತ್ತಾರೆ. ಇನ್ನೊಬ್ಬ ಬಡವ, 12 ರೂಪಾಯಿ ಕೊಡುತ್ತೇನೆ ಎನ್ನುತ್ತಾನೆ, ಅವನದನ್ನು ನೂರರಲ್ಲಿ ಐವರು ಒತ್ತುತ್ತಾರೆ. ನೂರು ಸಲ ತೋರಿಸಿದರೆ ಮೊದಲಿನವನದು 40, ಎರಡನೆಯವನದು 60. ಮೇಲಿನ ಜಾಗ 12 ರೂಪಾಯಿಯವನಿಗೆ! ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಅವನು 12 ರೂಪಾಯಿಯನ್ನು ಪೂರ್ತಿ ಕೊಡುವುದೂ ಬೇಡ. ಕೆಳಗಿನವನ 40ನ್ನು ದಾಟುವಷ್ಟು ಕೊಟ್ಟರೆ ಸಾಕು. ನಲವತ್ತನ್ನು ಐದರಿಂದ ಭಾಗಿಸಿ ನೋಡಿ: ಒತ್ತಿಗೆ 8 ರೂಪಾಯಿ, ಮೇಲೆ ಒಂದಿಷ್ಟು ಪೈಸೆ. ಅಂದರೆ ಚೆನ್ನಾಗಿ ಬರೆದವನು ಕಡಿಮೆ ಕೊಟ್ಟು ಮೇಲೆ ಕೂತ, ಹೇಗೋ ಬರೆದವನು 20 ಹಿಡಿದುಕೊಂಡೂ ಕೆಳಗೆ ಉಳಿದ. ಇಂದಿನ ಲೆಕ್ಕದಲ್ಲಿ ಇನ್ನೂ ಹಲವು ಸಂಗತಿ ಸೇರಿವೆ. ಒತ್ತಿದ ಮೇಲೆ ತೆರೆಯುವ ಪುಟ ಹೇಗಿದೆ, ಕೇಳಿದ್ದಕ್ಕೂ ಜಾಹೀರಾತಿಗೂ ಎಷ್ಟು ಹೊಂದಿಕೆ ಎಂದೆಲ್ಲ ನೋಡಿ ಒಂದರಿಂದ ಹತ್ತರವರೆಗೆ ಅಂಕವನ್ನೂ ತೋರಿಸುತ್ತಾರೆ. ಮೂಲದ ಚೆಲುವು ಮಾತ್ರ ಇದೇ. ದೊಡ್ಡ ಹಣದ ಎದುರು ಸಣ್ಣವನಿಗೆ ಒಂದು ಸಂದು ಸಿಕ್ಕಿತಲ್ಲ, ಅದಕ್ಕೇ ನನಗೆ ಈ ವಿಷಯದ ಮೇಲೆ ಇಷ್ಟು ಪ್ರೀತಿ.

ಲಿಲಾವಿನ ಮಾತು ಬಂತಲ್ಲ, ಬ್ಯಾಡಗಿ ಕಡೆ ಹೋಗಿ ಬರೋಣ. ನಮ್ಮ ಭಾಗದ ಮೆಣಸಿನಕಾಯಿ ಅಲ್ಲಿಗೆ ಹೋಗುತ್ತದೆ. ಅಲ್ಲಿ ಈಗ ಟೆಂಡರ್ ಎಲ್ಲ ಕಂಪ್ಯೂಟರಿನಲ್ಲಿ. ಖರೀದಿದಾರ ಚೀಲ ಬಿಚ್ಚಿ ಬಣ್ಣ ನೋಡಿ, ತಾನು ಕೊಡುವ ಬೆಲೆಯನ್ನು ಗುಟ್ಟಾಗಿ ಹಾಕುತ್ತಾನೆ. ಹೆಚ್ಚು ಹಾಕಿದವನಿಗೆ ಮಾಲು, ಹಾಕಿದ ಬೆಲೆಯನ್ನು ಪೂರ್ತಿ ಕೊಡಬೇಕು. ಗೆದ್ದವನು ತನ್ನ ಬೆಲೆ ಕೊಡದೆ ಎರಡನೆಯವನ ಬೆಲೆ ಕೊಟ್ಟರೆ ಏನಾಗುತ್ತದೆ? ಆಗ ಕೂಗುವವರಿಗೆ ತಮ್ಮ ಮನಸ್ಸಿನ ನಿಜವಾದ ಬೆಲೆ ಹೇಳಲು ಹೆದರಿಕೆ ಇರುವುದಿಲ್ಲ ಎಂದು 1961ರಲ್ಲಿ ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು ಬರೆದು ತೋರಿಸಿದರು. ಮೂವತ್ತೈದು ವರ್ಷದ ಮೇಲೆ, 1996ರ ಅಕ್ಟೋಬರಿನಲ್ಲಿ, ಅವರಿಗೆ ನೊಬೆಲ್ ಘೋಷಣೆಯಾಯಿತು. ಘೋಷಣೆಯಾದ ಮೂರನೆಯ ದಿನ ತೀರಿಕೊಂಡರು. ತಮ್ಮ ವಿಚಾರದ ಹತ್ತಿರದ ನೆಂಟನೊಬ್ಬ ಜಗತ್ತಿನ ಮೂಲೆಮೂಲೆಯ ಫೋನಿನಲ್ಲಿ ಕ್ಷಣಕ್ಷಣಕ್ಕೂ ಲಿಲಾವು ನಡೆಸುವುದನ್ನು ಆ ಮಹಾನುಭಾವರು ನೋಡಲು ಇರಬೇಕಿತ್ತು.

ಮೆಣಸಿನಕಾಯಿಯನ್ನು ಇಷ್ಟಕ್ಕೇ ಬಿಡುವ ಹಾಗಿಲ್ಲ. "ಮೆಣಸಿನಕಾಯಿ" ಎಂದಷ್ಟೇ ಹುಡುಕಿದವನಿಗೆ ಏನು ಬೇಕಾಗಿದೆ ಹೇಳಿ ನೋಡೋಣ? ಮಿರ್ಚಿ ಭಜಿ ಮಾಡುವ ರೀತಿ ಬೇಕೋ, ಶಾಲೆಯ ಮಗುವಿಗೆ ಚಿತ್ರ ಬೇಕೋ, ಎಲೆ ಮುದುಡಿದ ರೋಗಕ್ಕೆ ಔಷಧ ಬೇಕೋ, ದೇವರೇ ಬಲ್ಲ. "ಬ್ಯಾಡಗಿ ಮೆಣಸಿನಕಾಯಿ" ಎಂದವನು ಒಂದು ಹೆಜ್ಜೆ ಹತ್ತಿರ ಬಂದ. "ಬ್ಯಾಡಗಿ ಡಬ್ಬಿ ಒಂದು ಕಿಲೋ" ಎಂದವನು ಅಂಗಡಿಯ ಹೊಸ್ತಿಲಲ್ಲೇ ನಿಂತಿದ್ದಾನೆ. ಡಬ್ಬಿ ಯಾವುದು, ಕಡ್ಡಿ ಯಾವುದು ಎಂದು ಬಲ್ಲವನು ಅವನು. ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಅವನಿಗೆ ಪಾಠ ಹೇಳಬೇಕಾಗಿಲ್ಲ. ಅವನ ಮುಂದೆ "ಎಲ್ಲ ಬಗೆಯ ಮಸಾಲೆ ಸಾಮಾನು ದೊರೆಯುತ್ತವೆ" ಎಂಬ ಸಾಲು ಇಟ್ಟರೆ ಒತ್ತುತ್ತಾನೆಯೇ? "ಬ್ಯಾಡಗಿ ಡಬ್ಬಿ, ಈ ವರ್ಷದ ಮಾಲು" ಎಂದು ಇಟ್ಟು ನೋಡಿ. ಕೇಳಿದವನ ಶಬ್ದವೇ ತಲೆಬರಹದಲ್ಲಿ ಕಂಡರೆ ಬೆರಳು ನಿಲ್ಲುತ್ತದೆ ಎಂಬುದು ಆ ಕಸುಬಿನ ಮೊದಲ ಪಾಠ.

ಕೇಳಿದವನ ಶಬ್ದ ಎಂದೆನಲ್ಲ, ಅಲ್ಲಿಯೇ ನಮ್ಮ ಕಡೆಯ ಗೋಳು ಇರುವುದು. ಜಾಹೀರಾತು ಬರೆಯುವವರು ಬಹಳ ಮಂದಿ ಬೆಂಗಳೂರಿನಲ್ಲಿ ಕೂತು ಬರೆಯುತ್ತಾರೆ. "ಈರುಳ್ಳಿ ಬಿತ್ತನೆ ಬೀಜ" ಎನ್ನುತ್ತಾರೆ, "ಮೆಕ್ಕೆಜೋಳಕ್ಕೆ ಗೊಬ್ಬರ" ಎನ್ನುತ್ತಾರೆ, "ಕಡಲೆಕಾಯಿ" ಎನ್ನುತ್ತಾರೆ. ಮೊರಬದ ರೈತ ಫೋನಿಗೆ ಹೇಳುವುದು ಉಳ್ಳಾಗಡ್ಡಿ, ಗೋವಿನಜೋಳ, ಶೇಂಗಾ. ಟೈಪು ಮಾಡುವವರು ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾರೆ, ಅದೂ ಒಬ್ಬೊಬ್ಬರು ಒಂದೊಂದು ರೀತಿ. ಅಳಿಯನ ಪಟ್ಟಿಯಲ್ಲಿ ಈರುಳ್ಳಿ ಒಂದೇ ಇತ್ತು. "ನಿಮ್ಮವ್ವ ಸಂತಿಗೆ ಹೋದಾಗ ಏನಂತ ಕೇಳ್ತಾಳೋ?" ಎಂದೆ. ಅಲ್ಲೇ ಕೂತು ಉಳ್ಳಾಗಡ್ಡಿ ಸೇರಿಸಿದ, ಅದರ ಬೆನ್ನಿಗೆ ಬಳ್ಳೊಳ್ಳಿಯನ್ನೂ ಸೇರಿಸಿದ. ಯಂತ್ರ ಈಗ ಒಂದು ಶಬ್ದಕ್ಕೆ ಹತ್ತಿರದ ಇನ್ನೊಂದನ್ನು ತಾನೇ ಗುರುತಿಸುತ್ತದೆ ಎನ್ನುತ್ತಾರೆ, ಗುರುತಿಸಲಿ, ಸಂತೋಷ. ಆದರೆ ತಲೆಬರಹದಲ್ಲಿ ತನ್ನ ಮನೆಯ ಮಾತು ಕಂಡ ರೈತನಿಗೆ ಆಗುವ ಸಮಾಧಾನವನ್ನು ಯಂತ್ರ ತಂದುಕೊಡಲಾರದು. ಅದನ್ನು ಬರೆಯುವವನೇ ಬರೆಯಬೇಕು.

ನನ್ನ ಮನಸ್ಸು ಎಳೆಯುವುದು ಜಮಖಾನದ ಕಡೆಗೆ. ನವಲಗುಂದದ ಜಮಖಾನ ಗೊತ್ತಲ್ಲ? ಹತ್ತಿನೂಲಿನದು, ದಪ್ಪ, ಗಟ್ಟಿ, ಎರಡೂ ಬದಿ ಹಾಸಬಹುದು. ನವಿಲು, ಪಗಡೆಯ ಹಾಸು, ಚೌಕ ಚೌಕದ ಬಣ್ಣ. ಆದಿಲಶಾಹಿ ಕಾಲದಲ್ಲಿ ವಿಜಾಪುರದಿಂದ ಬಂದ ನೇಕಾರರು ತಂದ ವಿದ್ಯೆ ಎಂದು ಹೇಳುತ್ತಾರೆ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ಇವತ್ತಿಗೂ ನೇಯುವವರು ಹೆಣ್ಣುಮಕ್ಕಳು. ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನೇಯುವ ಮನೆಗಳು ಮಾತ್ರ ಕಡಿಮೆಯಾಗುತ್ತ ಬಂದಿವೆ. ಈ ಜಮಖಾನವನ್ನು ಬೇಕೆನ್ನುವವರು ಪುಣೆಯಲ್ಲಿ, ಬೆಂಗಳೂರಿನಲ್ಲಿ, ಕಡಲಾಚೆಯ ನಮ್ಮ ಮಕ್ಕಳ ಮನೆಗಳಲ್ಲಿ ಇದ್ದಾರೆ ಎಂದು ನನಗೆ ಖಾತ್ರಿ. ಅವರಿಗೂ ಮಗ್ಗಕ್ಕೂ ನಡುವೆ ಒಂದು ಹುಡುಕಾಟದ ಅಂತರ ಇದೆ, ಅಷ್ಟೇ.

ಅಳಿಯನಿಗೆ ಹೇಳಿದೆ: ಒಂದು ಜಮಖಾನದ ಜಾಹೀರಾತು ಬರೆ, ನೋಡುವಾ. ಬರೆಯಲು ಕೂತರೆ ಮೊದಲ ತೊಡಕು ಜಾಗದ್ದು. ಒಂದು ತಲೆಬರಹಕ್ಕೆ 30 ಅಕ್ಷರ, ಮುಗಿಯಿತು. ಕನ್ನಡಕ್ಕೆ ಅದು ಇನ್ನೂ ಇಕ್ಕಟ್ಟು, ಏಕೆಂದರೆ ಕಂಪ್ಯೂಟರು ಯುನಿಕೋಡಿನ ಲೆಕ್ಕದಲ್ಲಿ ಕೊಂಬು, ದೀರ್ಘ, ಸೊನ್ನೆ, ಒತ್ತು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ನಿಮ್ಮ ಕಣ್ಣಿಗೆ "ಹಳ್ಳ" ಎರಡಕ್ಷರ, ಅದರ ಲೆಕ್ಕಕ್ಕೆ ನಾಲ್ಕು. ಅವನು ಮೊದಲು ಬರೆದದ್ದು "ಅತ್ಯುತ್ತಮ ಗುಣಮಟ್ಟದ" ಎಂದು. ಎಣಿಸಿದರೆ ಅದೇ 18 ನುಂಗಿತ್ತು! ಮೂವತ್ತರಲ್ಲಿ ಹದಿನೆಂಟು ಹೋಗಿ ಉಳಿದದ್ದು ಹನ್ನೆರಡು. ಮಾರುವ ಸಾಮಾನಿನ ಹೆಸರು ಇನ್ನೂ ಬಂದೇ ಇಲ್ಲ. ಅತ್ಯುತ್ತಮ ಅಲ್ಲದ್ದನ್ನು ಯಾರಾದರೂ ಜಾಹೀರಾತು ಹಾಕಿ ಮಾರುತ್ತಾರೆಯೇ?

ಕಡಿಮೆ ಅಕ್ಷರದಲ್ಲಿ ಎದೆ ಹಿಡಿಯುವುದನ್ನು ಕಲಿಯಲು ಅವನು ದೂರ ಹೋಗಬೇಕಾಗಿಲ್ಲ. ನವಲಗುಂದದಲ್ಲೇ ಹುಟ್ಟಿದ ಶ್ರೀನಿವಾಸ ವೈದ್ಯರು ಇದ್ದರಲ್ಲ, ಅವರ ಕಾದಂಬರಿಗೆ 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಹೆಸರು "ಹಳ್ಳ ಬಂತು ಹಳ್ಳ". ಎಣಿಸಿ ನೋಡಿ, ಕಂಪ್ಯೂಟರಿನ ಲೆಕ್ಕದಲ್ಲೂ 14. ಅದರಲ್ಲಿ ಸುದ್ದಿ ಇದೆ, ಅವಸರ ಇದೆ, ಅಂಜಿಕೆ ಇದೆ. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ಸೀಮೆಯವರಾದ ನಮಗೆ ಆ ಕೂಗು ಕಿವಿಗೆ ಬಿದ್ದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಏಳಬೇಕು. ದಂಡೆಯ ಮೇಲೆ ನಿಂತವರು ಒಬ್ಬರಿಗೊಬ್ಬರು ಹೇಳುವ ಮಾತು ಅದು, ಅದಕ್ಕೇ ಆ ಬಲ.

ಕಟ್ಟೆಯ ಇನ್ನೊಂದು ತುದಿಯಲ್ಲಿ ಹಿರಿಯ ಆಯಿಯೊಬ್ಬರು ಬತ್ತಿ ಹೊಸೆಯುತ್ತ ಇದನ್ನೆಲ್ಲ ಕೇಳುತ್ತಿದ್ದರು. "ಜಮಖಾನ ಕೊಳ್ಳೋರು ಎಷ್ಟ ಉದ್ದ ಎಷ್ಟ ಅಗಲ ಅಂತ ಕೇಳಂಗಿಲ್ಲೋ ತಮ್ಮಾ. ಎಷ್ಟ ಮಂದಿ ಮಕ್ಕೋಬಹುದು ಅಂತ ಕೇಳ್ತಾರ" ಎಂದರು. "ಇಬ್ಬರು ಮಲಗುವ ಜಮಖಾನ" ಎಂದು ಅಳಿಯ ಬರೆದು ಎಣಿಸಿದ. ಇದೂ 18! ಅತ್ಯುತ್ತಮ ಗುಣಮಟ್ಟಕ್ಕೆ ಹೋದ ಅದೇ ಜಾಗದಲ್ಲಿ ಹಾಸಿಗೆ, ಅಳತೆ, ಮನೆ, ಬಂದ ಬೀಗರು ಎಲ್ಲ ಬಂದು ಕೂತರು.

ಇನ್ನು ಬೇಡದವರ ಸಂಗತಿ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ ಭಾಗ. ಯಾರು ಬರಬಾರದು ಎಂಬುದನ್ನೂ ಜಾಹೀರಾತು ಹಾಕುವವನು ಮೊದಲೇ ಹೇಳಿಡಬಹುದಂತೆ. ಜಮಖಾನ ಎಂದು ಬಿಟ್ಟರೆ ಜಿಮ್‌ಖಾನಾ ಕ್ಲಬ್ಬು ಹುಡುಕುವವರು ಬರುತ್ತಾರೆ, ಜಮಖಂಡಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವವರು ಬರುತ್ತಾರೆ, ಜಮಖಾನದ ಕಲೆ ತೆಗೆಯುವುದು ಹೇಗೆ ಎನ್ನುವವರು, ಬಾಡಿಗೆಗೆ ಬೇಕೆನ್ನುವವರು ಬರುತ್ತಾರೆ. ಇವರಿಗೆಲ್ಲ ಜಾಹೀರಾತು ಕಂಡರೆ ಒತ್ತುವುದಿಲ್ಲ, ಲೆಕ್ಕ ಕೆಳಗಿಳಿಯುತ್ತದೆ. ಒತ್ತಿದರೆ ಇನ್ನೂ ಕಷ್ಟ, ದುಡ್ಡು ಹೋಗುತ್ತದೆ, ಸಾಮಾನು ಹೋಗುವುದಿಲ್ಲ. ಅದಕ್ಕೆ ಕ್ಲಬ್, ಬಸ್, ಬಾಡಿಗೆ, ತೊಳೆಯುವುದು ಎಂಬ ಶಬ್ದಗಳನ್ನು ಬೇಡದ ಪಟ್ಟಿಗೆ ಹಾಕುತ್ತಾರೆ. ವಾರಕ್ಕೊಮ್ಮೆ ಮಂದಿ ನಿಜವಾಗಿ ಏನೆಂದು ಹುಡುಕಿದರು ಎಂಬ ವರದಿ ತೆಗೆದು ಓದಿ, ಆ ಪಟ್ಟಿಯನ್ನು ಬೆಳೆಸುತ್ತ ಹೋಗಬೇಕು. ನಮ್ಮೂರಿಗೆ ಬರುತ್ತಿದ್ದ ಬಳೆಗಾರ ಎಂದೂ ಬೀದಿಗೆಲ್ಲ ಕೇಳುವ ಹಾಗೆ ಕೂಗಿದವನಲ್ಲ. ಯಾರ ಮನೆಯಲ್ಲಿ ಲಗ್ನ ಗೊತ್ತಾಗಿದೆ, ಯಾರ ಮನೆಗೆ ಮಗಳು ಚೊಚ್ಚಲಿಗೆ ಬಂದಿದ್ದಾಳೆ ಎಂದು ಊರ ಅಗಸಿಯಲ್ಲೇ ವಿಚಾರಿಸಿಕೊಂಡು ನೇರವಾಗಿ ಅದೇ ಪಡಸಾಲೆಗೆ ಬಂದು ಮಲಾರ ಇಳಿಸುತ್ತಿದ್ದ. ಅಳಿಯ ಮಾಡಬೇಕಾದದ್ದೂ ಅಷ್ಟೇ.

ದೊಡ್ಡ ಕಂಪನಿಗಳೂ ಮೊದಲು ಹೀಗೆಯೇ ಪಡಸಾಲೆ ಹುಡುಕಿಕೊಂಡು ಹೋದವೇ. ಫ್ಲಿಪ್‌ಕಾರ್ಟ್ 2007ರಲ್ಲಿ ಬರೀ ಪುಸ್ತಕ ಮಾರುತ್ತಿದ್ದ ಸಣ್ಣ ಅಂಗಡಿ. ಆಗ ಅದರ ಇಬ್ಬರು ಸ್ಥಾಪಕರು, ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್, ಬೆಂಗಳೂರಿನ ಗಂಗಾರಾಮ್ಸ್ ಪುಸ್ತಕದಂಗಡಿಯ ಹೊರಗೆ ನಿಂತು ಪುಸ್ತಕ ಕೊಂಡು ಬರುವವರ ಕೈಗೆ ತಮ್ಮ ಹೆಸರಿನ ಬುಕ್‌ಮಾರ್ಕ್ ಹಂಚುತ್ತಿದ್ದರು. ಪುಸ್ತಕಕ್ಕೆ ದುಡ್ಡು ಕೊಡುವವನು ಎಂದು ಆಗಲೇ ತೋರಿಸಿಕೊಂಡವನಿಗೇ ಕೊಟ್ಟರು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹಂಚಿದ್ದರೆ ಅವು ಶೇಂಗಾದ ಪೊಟ್ಟಣ ಆಗುತ್ತಿದ್ದವು.

ಒತ್ತುವವರನ್ನು ಹೆಚ್ಚಿಸಲು ಒಂದು ಕೆಟ್ಟ ದಾರಿಯೂ ಇದೆ. "ಫ್ರೀ" ಎಂದು ಬರೆಯಿರಿ, ಅರ್ಧ ಬೆಲೆ ಎಂದು ಬರೆಯಿರಿ, ಒತ್ತುವವರು ತಾವಾಗಿ ಬರುತ್ತಾರೆ. ಒಳಗೆ ಬಂದು ನೋಡಿದರೆ ಫ್ರೀಯೂ ಇಲ್ಲ, ಅರ್ಧವೂ ಇಲ್ಲ. ಬೈದು ಹೋಗುತ್ತಾರೆ, ಹೋಗುವಾಗ ನಿಮ್ಮ ಎಂಟು ರೂಪಾಯಿಯನ್ನೂ ಒಯ್ಯುತ್ತಾರೆ. ತದ್ವಿರುದ್ಧವಾಗಿ, ಬೆಲೆಯನ್ನು ತಲೆಬರಹದಲ್ಲೇ ಹೇಳಿಬಿಟ್ಟರೆ ಒತ್ತುವವರು ಕಡಿಮೆಯಾಗಬಹುದು, ಆದರೆ ಒತ್ತಿದವರು ಆ ಬೆಲೆಗೆ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದವರು. ನೇಕಾರಳ ಕೈಗೆ ದುಡ್ಡು ಬರುವುದು ಅವರಿಂದ. ಆ ಹೊತ್ತಿಗೆ ಸಿಟಿಆರ್ ಒಂದು ಹೆಜ್ಜೆ ಇಳಿದರೆ ಇಳಿಯಲಿ, ಅದಕ್ಕೆ ಮಾರಿ ಸಣ್ಣದು ಮಾಡಿಕೊಳ್ಳಬೇಡ ಎಂದು ಅಳಿಯನಿಗೆ ಹೇಳಿದ್ದೇನೆ. ನಮ್ಮ ಕಡೆಯವರಿಗೆ ಇನ್ನೊಂದು ಅನುಕೂಲ ಬೇಕು: ಜಾಹೀರಾತಿನಲ್ಲೇ ಫೋನು ಹಚ್ಚುವ ಗುಂಡಿ. ಹೆಸರು, ವಿಳಾಸ, ಪಿನ್‌ಕೋಡ್ ತುಂಬು ಎಂದರೆ ಎದ್ದು ಹೋಗುವವರು ಫೋನು ಹಚ್ಚಿ ಅರ್ಧ ತಾಸು ಚೌಕಾಸಿ ಮಾಡಿಯಾದರೂ ಕೊಳ್ಳುತ್ತಾರೆ.

ಎರಡು ತಲೆಬರಹಗಳಲ್ಲಿ ಯಾವುದು ಮೇಲು ಎಂದು ತಿಳಿಯುವುದು ಹೇಗೆ? ಎಣಿಸಿ ನೋಡಬೇಕು. ಅಮೆರಿಕದ ಕ್ಲಾಡ್ ಹಾಪ್‌ಕಿನ್ಸ್ 1923ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನೇ ಹೇಳುತ್ತಾರೆ. ಪತ್ರಿಕೆಯ ಜಾಹೀರಾತಿನ ಮೂಲೆಯಲ್ಲಿ ಕತ್ತರಿಸಿ ಕಳಿಸುವ ಕೂಪನ್ನು, ಒಂದೊಂದು ಜಾಹೀರಾತಿಗೆ ಒಂದೊಂದು ಗುರುತು; ಅಂಚೆಯಲ್ಲಿ ಯಾವ ಗುರುತಿನವು ಹೆಚ್ಚು ಬಂದವೋ ಅದು ಗೆದ್ದಿತು. ಹಾಪ್‌ಕಿನ್ಸ್ ವಾರಗಟ್ಟಲೆ ಕಾಯುತ್ತಿದ್ದರು, ಈಗ ಸಂಜೆಗೇ ಲೆಕ್ಕ ಕೈಗೆ ಬರುತ್ತದೆ. ಬೇಗ ಬರುವುದೇ ಒಂದು ಅಪಾಯ. ಅಳಿಯ ಬೆಳಿಗ್ಗೆ ಹಾಕಿ, ಸಂಜೆ ನೋಡಿ, ಒಂದಕ್ಕೆ ನೂರರಲ್ಲಿ ಮೂರು, ಇನ್ನೊಂದಕ್ಕೆ ನೂರರಲ್ಲಿ ಐದು ಎಂದು ಕುಣಿಯುತ್ತಾನೆ. ಮೂರಕ್ಕೂ ಐದಕ್ಕೂ ನಡುವೆ ಇಬ್ಬರು ಮನುಷ್ಯರು ಇದ್ದಾರೆ, ಆ ಇಬ್ಬರು ಇವತ್ತು ಲಗ್ನಕ್ಕೆ ಹೋಗಿದ್ದರೆ? ಸಾವಿರಗಟ್ಟಲೆ ಸಲ ಕಾಣುವವರೆಗೆ ತಾಳು, ಅಷ್ಟರೊಳಗೆ ಇನ್ನೊಂದನ್ನು ಬದಲಿಸಬೇಡ. ಎರಡು ಸಂಗತಿ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏರಿತು ಎಂದು ಯಾರನ್ನು ಕೇಳುವುದು?

ಇಷ್ಟೆಲ್ಲ ಕರೆಯುವ ಮಾತಾಯಿತು. ಕರೆಯದೆ ಬರುವವರೂ ಇದ್ದಾರಲ್ಲ! ಧಾರವಾಡದ ಲೈನ್ ಬಜಾರಿನಲ್ಲಿ ಬಾಬುಸಿಂಗ್ ಠಾಕೂರರ ಪೇಢೆಗೆ ಸಾಲು ನಿಲ್ಲುವವರನ್ನು ಯಾರು ಕರೆದರು? ಉತ್ತರಪ್ರದೇಶದ ಉನ್ನಾವ ಕಡೆಯಿಂದ ಬಂದ ಮನೆತನದ ಕೈರುಚಿ, ತಲೆಮಾರುಗಳಿಂದ ಬಾಯಿಂದ ಬಾಯಿಗೆ ಹೋಗಿ ಊರಿನ ಹೆಸರಿನೊಡನೆ ಬೆಸೆದುಹೋಯಿತು. ಹೋಳಿಯ ಹೊತ್ತಿಗೆ ನವಲಗುಂದದ ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಸಾಲುಗಟ್ಟುವವರಿಗೆ ಯಾವ ಜಾಹೀರಾತು? ಬೇಡಿಕೊಂಡದ್ದು ಆಯಿತು ಎಂದು ಒಬ್ಬಳು ಅಕ್ಕ ಇನ್ನೊಬ್ಬಳಿಗೆ ಹೇಳಿದಳು, ಆ ಇನ್ನೊಬ್ಬಳು ಮರುವರ್ಷ ಬಂದಳು. ಹೆಸರು ಹೀಗೆ ಬೆಳೆದ ಮೇಲೆ ಅದಕ್ಕೊಂದು ಹೊಸ ಕಾಟವೂ ಹುಟ್ಟುತ್ತದೆ: ನಿಮ್ಮ ಹೆಸರನ್ನು ಹುಡುಕಿದವರಿಗೆ ಬೇರೆಯವರು ದುಡ್ಡು ಕೊಟ್ಟು ತಮ್ಮ ಜಾಹೀರಾತು ತೋರಿಸಬಹುದು. ಅಗರವಾಲ್ ಪ್ಯಾಕರ್ಸ್‌ನವರು ಈ ದೂರನ್ನು ದೆಹಲಿ ಹೈಕೋರ್ಟಿನವರೆಗೆ ಒಯ್ದರು. ಇನ್ನೊಬ್ಬರ ಟ್ರೇಡ್‌ಮಾರ್ಕನ್ನು ಹುಡುಕು ಶಬ್ದವಾಗಿ ಬಳಸಿದ ಮಾತ್ರಕ್ಕೆ ಅದು ಉಲ್ಲಂಘನೆ ಆಗದು, ಆದರೆ ಗ್ರಾಹಕ ಮೋಸಹೋಗುವಂತಿದ್ದರೆ ಗೂಗಲ್ ಕೂಡ ಕೈತೊಳೆದುಕೊಳ್ಳುವ ಹಾಗಿಲ್ಲ ಎಂದು 2023ರ ಆಗಸ್ಟಿನಲ್ಲಿ ತೀರ್ಪು ಬಂತು. ಅದಕ್ಕೇ ಹೆಸರುವಾಸಿಯಾದವರೂ ಈಗ ತಮ್ಮ ಹೆಸರಿಗೆ ತಾವೇ ದುಡ್ಡು ಕಟ್ಟಿ ಕಾಯಬೇಕಾಗಿದೆ. ಇದು ನನಗೆ ಸರಿ ಕಾಣುವುದಿಲ್ಲ. ಮನೆತನದವರು ಕಟ್ಟಿದ ಹೆಸರಿಗೆ ಅವರಿಂದಲೇ ಬಾಡಿಗೆ ವಸೂಲಿ ಮಾಡುವುದು ಯಾವ ನ್ಯಾಯ?

ಹೆಸರಿನ ಮಾತು ಬಂದದ್ದಕ್ಕೆ ಅಳಿಯ ಇನ್ನೊಂದು ಪಟ್ಟಿ ತೆಗೆದ. ಊರ ಹೆಸರನ್ನು ಮಂದಿ ಹೇಗೆ ಹೇಗೆ ಬರೆಯುತ್ತಾರೆ ಎಂಬ ಪಟ್ಟಿ. ನವಲಗುಂದ ಎನ್ನುವವರಿದ್ದಾರೆ, ನವಿಲುಗುಂದ ಎನ್ನುವವರಿದ್ದಾರೆ. ಅಣ್ಣಿಗೇರಿ ಇದೆ, ಅಣ್ಣೀಗೇರಿ ಇದೆ. ಜಮಖಾನ, ಜಮಖಾನೆ, ಜಮಖಾನಿ. ಇನ್ನು ಹುಬ್ಬಳ್ಳಿಯಂತೂ 2014ರ ನವೆಂಬರ್ 1ರಂದು ಸರಕಾರಿ ಇಂಗ್ಲಿಷ್ ಬರಹದಲ್ಲೂ ಹುಬ್ಬಳ್ಳಿಯೇ ಆಯಿತು, ಮಂದಿಯ ಬೆರಳಿನಲ್ಲಿ ಮಾತ್ರ ಹುಬ್ಳಿಯೇ ಉಳಿಯಿತು. "ಯಾವ್ದ ಹಾಕ್ಲಿ ಮಾಮಾ?" ಎಂದ. ಎರಡೂ ಹಾಕಪ್ಪಾ, ಹುಬ್ಳಿಯಿಂದ ಹುಡುಕಿದವರಿಗೂ ಜಮಖಾನ ಬೇಕಲ್ಲ ಎಂದೆ. ಹಾಕುತ್ತ ಕೂತಿದ್ದಾನೆ, ನಿಮಗೆ ಗೊತ್ತಿರುವ ಇನ್ನೊಂದು ಕಾಗುಣಿತ ಇದ್ದರೆ ಈಗಲೇ ಹೇಳಿ, ಪಟ್ಟಿ ಇನ್ನೂ ತೆರೆದೇ ಇದೆ.